ಐರನ್ ಬಿಟ್‌ಗೂ ಕಲಾಯಿ ಬೇಕು

ಮೊದಲ ವರ್ಷ ನಾನು ಸೋಲ್ಡರಿಂಗ್ ಐರನ್ನಿನ ಮೂರು ಬಿಟ್, ಅಂದರೆ ಬೆಸುಗೆ ಹಾಕುವ ಬಿಸಿ ತುದಿ, ಹಾಳು ಮಾಡಿದೆ. ಮೂರೂ ಒಂದೇ ಕಾರಣಕ್ಕೆ ಹಾಳಾದವು.

ನಾನು ಬೆಸುಗೆ ಕಲಿತದ್ದು ನಮ್ಮೂರಿನ ರೇಡಿಯೋ ರಿಪೇರಿ ಅಂಗಡಿಯಲ್ಲಿ, ಪಿಯುಸಿ ರಜೆಯಲ್ಲಿ. ಅಂಗಡಿಯವರನ್ನು ಅಣ್ಣ ಅಂತಲೇ ಕರೆಯುತ್ತಿದ್ದೆ. ಅವರ ಹತ್ತಿರ 25 ವ್ಯಾಟಿನ ಐರನ್ ಇತ್ತು, ಅದಕ್ಕೆ ಬರೀ ತಾಮ್ರದ ಬಿಟ್. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅರ ಹಿಡಿದು ಬಿಟ್ಟಿನ ತುದಿ ಉಜ್ಜುತ್ತಿದ್ದರು. ಕೆಂಪಗೆ ತಾಮ್ರ ಕಂಡ ಮೇಲೆ ಐರನ್ ಕಾಯಿಸಿ, ಫ್ಲಕ್ಸ್ ಪೇಸ್ಟಿಗೆ (ಕಿಲುಬು ತೆಗೆಯುವ ರಾಳ) ಅದ್ದಿ, ಲೆಡ್ ಹಚ್ಚುತ್ತಿದ್ದರು. ಲೆಡ್ ಅಂದರೆ ಸೋಲ್ಡರ್, ತವರ ಮತ್ತು ಸೀಸ ಬೆರೆತ ಬೆಸುಗೆಯ ಲೋಹ. "ತುದಿ ಬೆಳ್ಳಗಾದ ಮೇಲೇನೇ ಬೋರ್ಡ್ ಮುಟ್ಟು" ಅನ್ನುತ್ತಿದ್ದರು. ಆ ಮಾತು ಇವತ್ತಿಗೂ ಸರಿ.

ಆಮೇಲೆ ನಾನೇ ದುಡ್ಡು ಕೂಡಿಸಿ ಉಷ್ಣತೆ ಹೊಂದಿಸುವ ಸ್ಟೇಷನ್ ತಗೊಂಡೆ. ಅದರ ಬಿಟ್ ಕಪ್ಪಾಯಿತು. ಕಲಿತ ಹಾಗೇ ಅರ ಹಾಕಿದೆ. ಕೆಲವೇ ದಿನಗಳಲ್ಲಿ ತುದಿಯಲ್ಲಿ ಕುಳಿ ಬಿತ್ತು. ಹೊಸದು ತಂದೆ, ಅದಕ್ಕೂ ಹಾಗೇ ಆಯಿತು. ಆಗ ಒಂದು ಹಳೆಯ ಬಿಟ್ಟನ್ನು ಗರಗಸದಿಂದ ಉದ್ದಕ್ಕೆ ಸೀಳಿ ನೋಡಿದೆ. ಒಳಗೆ ತಾಮ್ರ, ಅದರ ಮೇಲೆ ಕಬ್ಬಿಣದ ತೆಳು ಲೇಪ. ಹಿಂಭಾಗಕ್ಕೆ ಕ್ರೋಮಿಯಂ. ಕ್ರೋಮಿಯಂಗೆ ಸೋಲ್ಡರ್ ಅಂಟುವುದಿಲ್ಲ, ಹಾಗಾಗಿ ಅದು ಮೇಲೆ ಹತ್ತದೆ ತುದಿಯಲ್ಲೇ ನಿಲ್ಲುತ್ತದೆ. ಕೆಲಸ ಮಾಡುವ ಭಾಗದ ಮೇಲೆ ಮಾತ್ರ ತವರ.

ಈ ಕಬ್ಬಿಣದ ಕೆಲಸ ಏನು ಗೊತ್ತಾ? ಕರಗಿದ ತವರ ತಾಮ್ರವನ್ನು ತಿನ್ನುತ್ತದೆ. ಬಿಸಿ ಹಾಲಿನಲ್ಲಿ ಬೆಲ್ಲ ಕರಗಿದ ಹಾಗೆ ತಾಮ್ರ ಸೋಲ್ಡರಿನೊಳಗೆ ಕರಗಿ ಹೋಗುತ್ತದೆ. ಕಬ್ಬಿಣ ಮಾತ್ರ ಬಹಳ ನಿಧಾನವಾಗಿ ಕರಗುತ್ತದೆ. ಅರ ಹಾಕಿದ ನಾನು ಆ ಕಬ್ಬಿಣವನ್ನೇ ಕಿತ್ತು ಹಾಕಿದ್ದೆ. ಅಣ್ಣನ ತಾಮ್ರದ ಬಿಟ್ಟಿಗೆ ಅರ ಸರಿ, ಎಷ್ಟು ಉಜ್ಜಿದರೂ ಒಳಗೆ ತಾಮ್ರವೇ ಸಿಗುತ್ತಿತ್ತು. ಲೇಪದ ಬಿಟ್ಟಿಗೆ ಅರವೂ ಬೇಡ, ಮರಳು ಕಾಗದವೂ ಬೇಡ, ಬ್ಲೇಡೂ ಬೇಡ.

ಹಾಗಾದರೆ ಕಪ್ಪಾದಾಗ ಏನು ಮಾಡುವುದು? ಚಿಕ್ಕಂದಿನಲ್ಲಿ ಅಜ್ಜಿ ಮನೆಗೆ ಕಲಾಯಿಯವರು ಬರುತ್ತಿದ್ದರು. ಹಿತ್ತಾಳೆ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರ ಮುಟ್ಟಿಸಿ, ಹತ್ತಿಯಲ್ಲಿ ಒಂದು ಸುತ್ತು ತಿಕ್ಕಿದರೆ ಪಾತ್ರೆ ಬೆಳ್ಳಿ ಹಾಗೆ ಹೊಳೆಯುತ್ತಿತ್ತು. ನವಸಾಗರ ಕಿಲುಬು ತೆಗೆಯುತ್ತದೆ, ತವರ ಕೂಡಲೇ ಆ ಜಾಗ ಹಿಡಿಯುತ್ತದೆ. ಬಿಟ್ಟಿನ ತುದಿಯಲ್ಲಿ ನಡೆಯಬೇಕಾದದ್ದೂ ಇದೇ. ಬಿಸಿ ಕಬ್ಬಿಣಕ್ಕೆ ಗಾಳಿ ತಾಗಿದರೆ ಅದು ಆಕ್ಸೈಡ್ ಆಗುತ್ತದೆ. ಅದರ ಮೇಲೆ ಸೋಲ್ಡರ್ ಕೆಸುವಿನೆಲೆ ಮೇಲಿನ ನೀರಿನ ಹಾಗೆ ಉರುಳಿ ಬೀಳುತ್ತದೆ, ಶಾಖವೂ ಸರಿಯಾಗಿ ದಾಟುವುದಿಲ್ಲ. ತವರದ ಹೊದಿಕೆ ಇದ್ದರೆ ಗಾಳಿ ತಾಗುವುದಿಲ್ಲ.

ಅದಕ್ಕೇ ನಾನು ಒಂದು ಅಭ್ಯಾಸ ತಿರುವುಮುರುವು ಮಾಡಿಕೊಂಡೆ. ಮೊದಲು ಬೆಸುಗೆ ಮುಗಿದ ಕೂಡಲೇ ತುದಿ ಒರೆಸಿ ಸ್ಟ್ಯಾಂಡಿನಲ್ಲಿ ಇಡುತ್ತಿದ್ದೆ. ನೋಡಲು ಚೆಂದ, ಆದರೆ ಒರೆಸಿದ ತುದಿ ಗಾಳಿಗೆ ಬಿದ್ದು ಸುಡುತ್ತಿರುತ್ತದೆ. ಈಗ ಒರೆಸುವುದು ಬೆಸುಗೆಗೆ ಮುಂಚೆ. ಬೆಸುಗೆ ಆದ ಮೇಲೆ ಉಳಿದ ಸೋಲ್ಡರ್ ತುದಿಯಲ್ಲೇ ಇರಲಿ ಅಂತ ಹಾಗೇ ಇಡುತ್ತೇನೆ. ರಾತ್ರಿ ಆಫ್ ಮಾಡುವ ಮೊದಲು ದಪ್ಪಗೆ ಸೋಲ್ಡರ್ ಹಚ್ಚುತ್ತೇನೆ. ಊಟಕ್ಕೆ ಹೋಗುವಾಗ ಸುಮ್ನೆ ಆನ್ ಬಿಟ್ಟು ಹೋಗುವುದಿಲ್ಲ. ಇಷ್ಟರಿಂದಲೇ ಬಿಟ್ಟಿನ ಆಯಸ್ಸು ಎಷ್ಟೋ ಪಟ್ಟು ಜಾಸ್ತಿಯಾಯಿತು.

ಒರೆಸಲು ಸ್ಪಂಜಿಗಿಂತ ಹಿತ್ತಾಳೆ ಸುರುಳಿ ನನಗೆ ಇಷ್ಟ. ಒದ್ದೆ ಸ್ಪಂಜು ಬಿಟ್ಟನ್ನು ಪ್ರತಿ ಸಲ ತಟ್ಟನೆ ತಣಿಸುತ್ತದೆ. ಹಿತ್ತಾಳೆ ಹಾಗೆ ಮಾಡುವುದಿಲ್ಲ, ಕಬ್ಬಿಣದ ಲೇಪಕ್ಕಿಂತ ಮೆದುವೂ ಹೌದು. ಪಾತ್ರೆ ತಿಕ್ಕುವ ಹೊಂಬಣ್ಣದ ಸ್ಕ್ರಬ್ಬರ್ ತಂದು ಮೋಸ ಹೋಗಬೇಡಿ. ಅಯಸ್ಕಾಂತ ಅಂಟಿದರೆ ಅದರೊಳಗೆ ಉಕ್ಕಿದೆ ಅಂತ ಅರ್ಥ. ಸ್ಪಂಜೇ ಬಳಸುವುದಾದರೆ ನೀರು ಹಿಂಡಿ, ತೇವ ಮಾತ್ರ ಉಳಿಸಿ. ನಮ್ಮ ಬೋರ್‌ವೆಲ್ ನೀರಿನ ಬಿಳಿ ಉಪ್ಪು ತುದಿಗೆ ಹತ್ತುತ್ತಿತ್ತು, ಅದಕ್ಕೆ ಬ್ಯಾಟರಿಗೆ ಹಾಕುವ ನೀರು ಬಳಸುತ್ತೇನೆ. ಅಡುಗೆಮನೆಯ ಫೋಮ್ ಸ್ಪಂಜು ಮಾತ್ರ ಬೇಡವೇ ಬೇಡ, ಕರಗಿ ತುದಿಗೆ ಅಂಟುತ್ತದೆ.

ಉಷ್ಣತೆ ಏರಿಸಿದರೆ ಕೆಲಸ ಬೇಗ ಅನ್ನಿಸುತ್ತದೆ, ಅಲ್ವಾ? ನಾನೂ 420 ಡಿಗ್ರಿಯಲ್ಲಿ ಇಡುತ್ತಿದ್ದೆ. ಫ್ಲಕ್ಸ್ ಸುಟ್ಟು ಕಪ್ಪಾಗುತ್ತಿತ್ತು, ಬೋರ್ಡಿನ ಪ್ಯಾಡ್ (ಬೆಸುಗೆ ಕೂರುವ ತಾಮ್ರದ ತೆಳು ಹಾಳೆ) ಎದ್ದು ಬರುತ್ತಿತ್ತು. ನಾನು ಬಳಸುವುದು 63 ಪಾಲು ತವರ, 37 ಪಾಲು ಸೀಸದ ತಂತಿ. ಅದು 183 ಡಿಗ್ರಿಗೇ ಕರಗುತ್ತದೆ. 330 ಅಥವಾ 340 ಇದ್ದರೆ ಸಾಕು. ಸೀಸ ಇಲ್ಲದ ಸೋಲ್ಡರ್‌ಗೆ 360ರ ಹತ್ತಿರ. ಬೇಗ ಆಗಬೇಕಾದರೆ ಅಗಲದ ಬಿಟ್ ಹಾಕಿ. ಸೂಜಿಯಂಥ ಚೂಪು ಬಿಟ್ ಬೋರ್ಡನ್ನು ಮುಟ್ಟುವ ಜಾಗವೇ ಕಡಿಮೆ, ಶಾಖ ದಾಟುವುದಿಲ್ಲ. 2.4 ಮಿಲಿಮೀಟರಿನ ಉಳಿ ಆಕಾರದ ಬಿಟ್ಟಿನಲ್ಲೇ ನನ್ನ ಮುಕ್ಕಾಲು ಕೆಲಸ ಮುಗಿಯುತ್ತದೆ.

ಬೆಸುಗೆ ಹಾಕುವಾಗ ಬಿಟ್ಟಿನಲ್ಲಿ ಸೋಲ್ಡರ್ ಹೊತ್ತು ತಂದು ಮೆತ್ತಬೇಡಿ. ದಾರಿಯಲ್ಲೇ ಫ್ಲಕ್ಸ್ ಸುಟ್ಟು ಹೋಗಿರುತ್ತದೆ. ಪ್ಯಾಡ್ ಮತ್ತು ಬಿಡಿಭಾಗದ ಕಾಲು ಎರಡಕ್ಕೂ ಬಿಟ್ ಒಟ್ಟಿಗೆ ತಾಗಿಸಿ, ಒಂದು ಸೆಕೆಂಡ್ ಬಿಟ್ಟು ಇನ್ನೊಂದು ಬದಿಯಿಂದ ತಂತಿ ಕೊಡಿ. ಮೊದಲು ತಂತಿ ತೆಗೆಯಿರಿ, ಆಮೇಲೆ ಐರನ್. ಆರುವವರೆಗೆ ಅಲ್ಲಾಡಿಸಬೇಡಿ. ಬೆಸುಗೆ ಗುಡ್ಡದ ತಪ್ಪಲಿನ ಹಾಗೆ ಇಳಿಜಾರಾಗಿ ಪ್ಯಾಡಿಗೆ ಕೂರಬೇಕು. ಉಂಡೆ ಕಟ್ಟಿದ್ದರೆ ಡ್ರೈ ಸೋಲ್ಡರ್, ಅಂದರೆ ಸರಿಯಾಗಿ ಅಂಟದ ಬೆಸುಗೆ, ಇರಬಹುದು, ಅನುಮಾನ ಪಡಿ. ಒಮ್ಮೆ ಒಂದು ಆಂಪ್ಲಿಫೈಯರ್ ತಟ್ಟಿದಾಗ ಮಾತ್ರ ಹಾಡುತ್ತಿತ್ತು. ಎರಡು ದಿನ ಟ್ರಾನ್ಸಿಸ್ಟರ್ ಬದಲಿಸುತ್ತಾ ಕೂತೆ. ಕೊನೆಗೆ ನೋಡಿದರೆ ನಾನೇ ಕಪ್ಪು ಬಿಟ್ಟಿನಲ್ಲಿ ಹಾಕಿದ್ದ ಒಂದು ಉಂಡೆ ಬೆಸುಗೆ, ಕಾಲಿನ ಸುತ್ತ ಉಂಗುರದ ಹಾಗೆ ಬಿರುಕು.

ಹೊಗೆಯ ಬಗ್ಗೆ ಒಂದು ಮಾತು. ಅದು ಹೆಚ್ಚಾಗಿ ಫ್ಲಕ್ಸಿನಲ್ಲಿರುವ ಪೈನ್ ರಾಳದ್ದು, ಉಬ್ಬಸ ತರಬಲ್ಲದು. ನಾನು ಪಕ್ಕದಲ್ಲಿ ಸಣ್ಣ ಫ್ಯಾನ್ ಇಟ್ಟು ಹೊಗೆಯನ್ನು ಆಚೆ ಎಳೆಸುತ್ತೇನೆ. ಸೀಸ ಮುಟ್ಟಿದ ಕೈ ಸೋಪು ಹಾಕಿ ತೊಳೆದೇ ತಿಂಡಿ ಮುಟ್ಟಬೇಕು.

ಈಗಾಗಲೇ ಕಪ್ಪಾದ ಬಿಟ್ ಇದ್ದರೆ ಎಸೆಯುವ ಮೊದಲು ಹೀಗೆ ಮಾಡಿ ನೋಡಿ. 250 ಡಿಗ್ರಿಗೆ ಇಳಿಸಿ, ಹಿತ್ತಾಳೆ ಸುರುಳಿಯಲ್ಲಿ ನಾಲ್ಕೈದು ಸಲ ಚುಚ್ಚಿ ತೆಗೆದು, ತಕ್ಷಣ ಫ್ಲಕ್ಸ್ ಇರುವ ತಂತಿಯನ್ನು ಧಾರಾಳವಾಗಿ ಹಚ್ಚಿ. ಒರೆಸಿ, ಮತ್ತೆ ಹಚ್ಚಿ. ಐದಾರು ಸುತ್ತು ತಾಳ್ಮೆಯಿಂದ ಮಾಡಿ. ಅದಕ್ಕೂ ಬಗ್ಗದಿದ್ದರೆ ಟಿಪ್ ಟಿನ್ನರ್ (ಸೋಲ್ಡರ್ ಪುಡಿ, ಖಾರದ ರಾಸಾಯನಿಕ ಬೆರೆತ ಪೇಸ್ಟ್) ಡಬ್ಬಿಗೆ ಅದ್ದಿ, ಒರೆಸಿ, ಹೊಸ ಸೋಲ್ಡರ್ ಹಚ್ಚಿ. ದಿನಾ ಅದನ್ನು ಬಳಸಬೇಡಿ, ಅದರ ಖಾರ ಲೇಪವನ್ನೂ ಸವೆಸುತ್ತದೆ. ತುದಿಯಲ್ಲಿ ಕುಳಿ ಬಿದ್ದು ತಾಮ್ರ ಕಂಡರೆ ಮಾತ್ರ ಹೊಸ ಬಿಟ್ಟೇ ಗತಿ. ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಕಡೆ ಹೋದಾಗ ನಾನು ಒಂದು ಜಾಸ್ತಿ ತಂದಿಟ್ಟಿರುತ್ತೇನೆ. ಹೋದ ಸಲ ತಂದದ್ದು ಇನ್ನೂ ಪೊಟ್ಟಣದಲ್ಲೇ ಇದೆ.