ಆ್ಯಪ್ ಬೆನ್ನು ತಟ್ಟಬೇಕು, ಬೆನ್ನಟ್ಟಬಾರದು

ಬೆಳಿಗ್ಗೆ ಆರು ಗಂಟೆಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಬಳಿ ನಿಂತು ನೋಡಿದರೆ, ಓಡಲು ಬಂದವರಲ್ಲಿ ಹಲವರು ಮೊದಲ ಹೆಜ್ಜೆ ಇಡುವ ಮುನ್ನ ಮೊಬೈಲ್ ತೆಗೆದು ಜಿಪಿಎಸ್ ಸಿಗ್ನಲ್‌ಗಾಗಿ ಕಾಯುತ್ತಿರುವುದು ಕಾಣುತ್ತದೆ. ಇವರಾರೂ ಪದಕಕ್ಕಾಗಿ ಓಡುವವರಲ್ಲ. ಕಚೇರಿ, ಅಂಗಡಿ, ಕಾಲೇಜುಗಳ ನಡುವೆ ಸಿಗುವ ಒಂದು ಗಂಟೆಯನ್ನು ದೇಹಕ್ಕಾಗಿ ಮೀಸಲಿಟ್ಟವರು. ಇಂಥವರಿಗೆ ಫಿಟ್‌ನೆಸ್ ಆ್ಯಪ್‌ನ ಅಗತ್ಯ ಬೀಳುವುದು ಮೊದಲ ವಾರದಲ್ಲಲ್ಲ, ಹುರುಪು ಇಳಿದು ಹಾಸಿಗೆ ಬಿಡಲು ಮನಸ್ಸಾಗದ ಮೂರನೆಯ ತಿಂಗಳಲ್ಲಿ. ಆ ಮೂರನೆಯ ತಿಂಗಳನ್ನು ಗಮನದಲ್ಲಿಟ್ಟುಕೊಂಡೇ ಅದನ್ನು ಹೊಂದಿಸಿಕೊಳ್ಳಬೇಕು.

ಮೊದಲ ಎರಡು ವಾರ ಯಾವ ಗುರಿಯನ್ನೂ ಇಟ್ಟುಕೊಳ್ಳದೆ, ಎಂದಿನಂತೆ ನಡೆದು ಓಡಿದ್ದನ್ನು ಕೇವಲ ದಾಖಲಿಸಿರಿ. ನಿಮ್ಮ ಸಹಜ ಮಟ್ಟ ತಿಳಿದ ಮೇಲೆ ಗುರಿಯನ್ನು ದಿನದ ಲೆಕ್ಕದಲ್ಲಿ ಇಡದೆ ವಾರದ ಲೆಕ್ಕದಲ್ಲಿ ಇಡುವುದು ಒಳ್ಳೆಯದು. ಅನೇಕ ಆ್ಯಪ್‌ಗಳು ಮುಂದಿಡುವ ದಿನಕ್ಕೆ 10,000 ಹೆಜ್ಜೆಗಳ ಗುರಿ ವೈದ್ಯರ ಕೊಠಡಿಯಿಂದ ಬಂದದ್ದಲ್ಲ. 1965ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ, ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬ ಅರ್ಥದ ಹೆಸರಿದ್ದ ಒಂದು ಪುಟ್ಟ ಯಂತ್ರದಿಂದ ಅದು ಹರಡಿತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆಯನ್ನು. ವಾರಕ್ಕೆ 150 ನಿಮಿಷವೆಂದು ನಮೂದಿಸಿದರೆ, ಮಂಗಳವಾರದ ಮಳೆಯಲ್ಲಿ ಕಳೆದುಕೊಂಡ ಅರ್ಧ ಗಂಟೆಯನ್ನು ಶನಿವಾರ ತುಂಬಿಕೊಳ್ಳಬಹುದು.

ಇದೇ ಕಾರಣಕ್ಕೆ, ಒಂದು ದಿನವೂ ಬಿಡದೆ ಮಾಡಿದ ದಿನಗಳನ್ನು ಎಣಿಸುವ ‘ಸ್ಟ್ರೀಕ್’ ಬಗ್ಗೆ ನನಗೆ ಅನುಮಾನವಿದೆ. ಎಂಬತ್ತು ದಿನಗಳ ಸರಪಳಿ ತುಂಡಾಗಬಾರದೆಂಬ ಒಂದೇ ಹಟಕ್ಕೆ ನಾನು ಮಂಡಿ ನೋವಿನಲ್ಲೂ ಓಡಿ, ಕೊನೆಗೆ ಮೂರು ವಾರ ಮನೆಯಲ್ಲಿ ಕುಳಿತೆ. ನೋವನ್ನು ಆ್ಯಪ್ ಎಣಿಸುವುದಿಲ್ಲ. ಸ್ಟ್ರೀಕ್ ಬೇಕೇ ಬೇಕೆನಿಸಿದರೆ ದಿನಗಳನ್ನಲ್ಲ, ಗುರಿ ಮುಟ್ಟಿದ ವಾರಗಳನ್ನು ಎಣಿಸಿರಿ.

ಹೊಸದಾಗಿ ಓಡಲು ಆರಂಭಿಸುವವರಿಗೆ ಐದು ಕಿಲೋಮೀಟರ್ ಓಟಕ್ಕೆ ಹಂತಹಂತವಾಗಿ ಅಣಿಗೊಳಿಸುವ ‘ಕೌಚ್ ಟು 5ಕೆ’ ಮಾದರಿಯ ಒಂಬತ್ತು ವಾರಗಳ ಯೋಜನೆ ಅನುಕೂಲಕರವಾಗಿದೆ. ವಾರಕ್ಕೆ ಮೂರೇ ದಿನ, ಮೊದಮೊದಲು ಒಂದು ನಿಮಿಷ ಓಟ, ಮತ್ತೆ ನಡಿಗೆ. ಕಷ್ಟವೆನಿಸಿದ ವಾರವನ್ನು ಇನ್ನೊಮ್ಮೆ ಮಾಡಲು ಸಂಕೋಚ ಬೇಡ.

ಈಗಾಗಲೇ ರೂಢಿಯಿರುವವರಿಗೆ ಹೆಚ್ಚು ರುಚಿ ಹತ್ತಿಸುವುದು ‘ಸೆಗ್ಮೆಂಟ್’. 2009ರಲ್ಲಿ ಆರಂಭವಾದ ಸ್ಟ್ರಾವಾದಂಥ ಆ್ಯಪ್‌ಗಳಲ್ಲಿ ರಸ್ತೆಯ ಒಂದು ತುಣುಕನ್ನು ಗುರುತಿಸಿಟ್ಟರೆ, ಅಲ್ಲಿ ನೀವು ಹಾದುಹೋದಾಗಲೆಲ್ಲ ಅದು ನಿಮ್ಮ ಸಮಯವನ್ನು ಬರೆದಿಡುತ್ತದೆ. ಚಾಮುಂಡಿ ಬೆಟ್ಟದ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳ ದಾರಿಗೆ ಇದು ಹೇಳಿ ಮಾಡಿಸಿದಂತಿದೆ. ಆದರೆ ಒಂದು ಮಾತು ತಿಳಿದಿರಲಿ: ಸೆಗ್ಮೆಂಟಿನ ಗಡಿಯಾರಕ್ಕೆ ವಿರಾಮವಿಲ್ಲ. ಸುಮಾರು ಏಳುನೂರನೆಯ ಮೆಟ್ಟಿಲಿನ ಹತ್ತಿರ ನಂದಿಯ ಎದುರು ನಿಂತು ನೀರು ಕುಡಿದರೆ ಆ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ಬುಡದಿಂದ ನಂದಿಯವರೆಗೆ ಒಂದು, ನಂದಿಯಿಂದ ತುದಿಯವರೆಗೆ ಇನ್ನೊಂದು ಎಂದು ಎರಡು ತುಣುಕು ಮಾಡಿಕೊಂಡರೆ ಲೆಕ್ಕವೂ ಸರಿಹೋಗುತ್ತದೆ, ನಿಂತು ಉಸಿರು ಬಿಡಲು ಅಂಜಿಕೆಯೂ ಇರುವುದಿಲ್ಲ. ಎಲ್ಲರ ಸಮಯವನ್ನು ಸಾಲಾಗಿ ತೋರಿಸುವ ಪಟ್ಟಿಯ ತುದಿಯಲ್ಲಿ ಇಪ್ಪತ್ತರ ಹುಡುಗರಿರುತ್ತಾರೆ. ನಲವತ್ತೈದರವರು ನೋಡಬೇಕಾದದ್ದು ತಮ್ಮದೇ ಹಿಂದಿನ ತಿಂಗಳ ಸಮಯವನ್ನು. ದಟ್ಟವಾದ ಮರಗಳ ಕೆಳಗೆ ಜಿಪಿಎಸ್ ಗೆರೆ ಅತ್ತಿತ್ತ ಹೊರಳುವುದರಿಂದ ಹತ್ತು ಸೆಕೆಂಡುಗಳ ಏರುಪೇರಿಗೆ ಬೀಗುವುದೂ ಬೇಡ, ಕುಗ್ಗುವುದೂ ಬೇಡ.

ಇವೆಲ್ಲಕ್ಕಿಂತ ದೊಡ್ಡ ಒತ್ತಾಸೆ ನಾಲ್ಕೈದು ಜನರ ಚಿಕ್ಕ ಗುಂಪು. ನೂರಾರು ಅಪರಿಚಿತರ ಲೈಕುಗಳಿಗಿಂತ, ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಸೈಕಲ್ ತುಳಿಯುವ ಮಂಡ್ಯದ ಗೆಳೆಯರೊಬ್ಬರು ಬುಧವಾರ ಕಳಿಸುವ “ಏನ್ ಸಾರ್, ಈ ವಾರ ಪತ್ತೇನೇ ಇಲ್ವಲ್ಲ?” ಎಂಬ ಒಂದು ಸಾಲು ನನ್ನನ್ನು ಎಷ್ಟೋ ಸಲ ಮನೆಯಿಂದ ಹೊರಡಿಸಿದೆ. ಓಟ, ನಡಿಗೆ, ಸೈಕಲ್ ಮೂರೂ ಇರುವ ಗುಂಪಿನಲ್ಲಿ ಕಿಲೋಮೀಟರುಗಳನ್ನು ಬಿಟ್ಟು ನಿಮಿಷಗಳನ್ನು ಹೋಲಿಸಿದರೆ ಯಾರಿಗೂ ಅನ್ಯಾಯವಾಗದು.

ಸೂಚನೆಗಳ ಹೊತ್ತನ್ನೂ ಬದಲಿಸಿಕೊಳ್ಳಿರಿ. ರಾತ್ರಿ ಮುದ್ದೆ ಉಂಡು ಕುಳಿತಾಗ ‘ಇನ್ನೂ 3,000 ಹೆಜ್ಜೆ ಬಾಕಿ’ ಎಂದು ಬರುವ ಸೂಚನೆ ಯಾರನ್ನೂ ಎಬ್ಬಿಸದು. ಅದೇ ಹೊತ್ತಿಗೆ ‘ನಾಳೆಗೆ ಶೂ ಬಾಗಿಲ ಬಳಿ ಇಡಿ’ ಎಂದು ನೀವೇ ಬರೆದಿಟ್ಟ ನೆನಪೋಲೆ ಬಂದರೆ ಬೆಳಗಿನ ಅರ್ಧ ಕೆಲಸ ಮುಗಿದಂತೆ.

ಖಾಸಗಿತನದ ಸೆಟ್ಟಿಂಗ್ ನೋಡದೆ ಮುಂದೆ ಹೋಗಬೇಡಿ. 2018ರ ಜನವರಿಯಲ್ಲಿ, ಸ್ಟ್ರಾವಾ ಪ್ರಕಟಿಸಿದ್ದ ಜಾಗತಿಕ ನಕ್ಷೆಯಲ್ಲಿ ಸೈನಿಕರ ಓಟದ ಗೆರೆಗಳಿಂದಲೇ ಸೇನಾ ನೆಲೆಗಳು ಬಯಲಾಗಿದ್ದವು. ಮನೆಯ ಸುತ್ತಲಿನ ಭಾಗವನ್ನು ನಕ್ಷೆಯಲ್ಲಿ ಮರೆಮಾಡಿ, ಚಟುವಟಿಕೆಯನ್ನು ಪರಿಚಿತರಿಗಷ್ಟೇ ಕಾಣುವಂತೆ ಮಾಡಿರಿ. ಒಂಟಿಯಾಗಿ ಓಡುವ ಹೆಣ್ಣುಮಕ್ಕಳು ಇದನ್ನು ಮೊದಲ ದಿನವೇ ಮಾಡುವುದು ಲೇಸು.

ಮೊಬೈಲ್ ಮರೆತು ಕೆರೆಗೆ ಬಂದ ದಿನ ಮನೆಗೆ ಹಿಂತಿರುಗಬೇಡಿ. ಕುಕ್ಕರಹಳ್ಳಿಯ ಒಂದು ಸುತ್ತು ನಾಲ್ಕೂವರೆಯಿಂದ ಐದು ಕಿಲೋಮೀಟರ್. ಮನೆ ತಲುಪಿದ ಮೇಲೆ ಅದನ್ನು ಕೈಯಾರೆ ನಮೂದಿಸಲು ಬಹುತೇಕ ಎಲ್ಲ ಆ್ಯಪ್‌ಗಳಲ್ಲೂ ಅವಕಾಶವಿದೆ.