ಖನಿಜ ಕಣಗಳಲ್ಲಿ ಪ್ರತಿಜೀವಕವನ್ನು ತುಂಬಿ ನಿಧಾನವಾಗಿ ಬಿಡಿಸುವ ಕ್ರಮ

ಮೂಳೆಯ ಸೋಂಕಿನಲ್ಲಿ ರಕ್ತಸಂಚಾರ ನಿಂತುಹೋದ ಭಾಗಕ್ಕೆ ರಕ್ತದ ಮೂಲಕ ಕೊಟ್ಟ ಪ್ರತಿಜೀವಕ ಸಾಕಷ್ಟು ತಲುಪುವುದಿಲ್ಲ. ಔಷಧವನ್ನು ಖನಿಜ ಕಣಗಳಲ್ಲಿ ಹಿಡಿದಿಟ್ಟು ಸೋಂಕಿನ ಜಾಗದಲ್ಲೇ ಬಿಡಿಸುವ ಕ್ರಮಕ್ಕೆ ಇದೇ ಮುಖ್ಯ ಕಾರಣ. ಇಲ್ಲಿ ಹೇಳಿರುವುದು ಪ್ರಯೋಗಾಲಯದ ಹಂತಕ್ಕೆ ಮಾತ್ರ ಅನ್ವಯಿಸುತ್ತದೆ.

ಮೊದಲು ಕಣವನ್ನು ಆರಿಸಬೇಕು. ಕ್ಯಾಲ್ಸಿಯಂ ಫಾಸ್ಫೇಟ್‌ನ ಒಂದು ರೂಪವಾದ ಹೈಡ್ರಾಕ್ಸಿಅಪಟೈಟ್ ಮೂಳೆಯ ಖನಿಜವನ್ನೇ ಹೋಲುತ್ತದೆ ಮತ್ತು ಬಹಳ ನಿಧಾನವಾಗಿ ಕರಗುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಆಮ್ಲೀಯತೆ ಹೆಚ್ಚಿದಲ್ಲಿ ಬೇಗ ಕರಗುತ್ತದೆ. ಕೊಳವೆಯಾಕಾರದ ಜೇಡಿಖನಿಜವಾದ ಹ್ಯಾಲಾಯ್ಸೈಟ್ ದೇಹದಲ್ಲಿ ಸುಲಭವಾಗಿ ಕರಗದ ಕಾರಣ ಗಾಯದ ಪಟ್ಟಿಯಂತಹ ಹೊರಬಳಕೆಗೇ ಹೆಚ್ಚು ಸೂಕ್ತ. ಆದರೆ ಕರಗುವ ಗುಣಕ್ಕಿಂತ ಮೊದಲು ವಿದ್ಯುದಾವೇಶವನ್ನು ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ತಟಸ್ಥ ನೀರಿನಲ್ಲಿ ಜೆಂಟಾಮೈಸಿನ್ ಎಂಬ ಪ್ರತಿಜೀವಕ ಧನಾವೇಶ ಹೊಂದಿರುತ್ತದೆ; ಹ್ಯಾಲಾಯ್ಸೈಟ್ ಕೊಳವೆಯ ಹೊರಮೈ ಋಣಾವೇಶದ್ದು, ಒಳಗೋಡೆ ಧನಾವೇಶದ್ದು. ಹೀಗಾಗಿ ಒಳಗೆ ತುಂಬಿತೆಂದು ನಾವು ಭಾವಿಸಿದ ಔಷಧದ ಬಹುಪಾಲು ಹೊರಗೇ ಅಂಟಿಕೊಂಡಿರಬಹುದು. ಟೆಟ್ರಾಸೈಕ್ಲಿನ್ ಎಂಬ ಇನ್ನೊಂದು ಪ್ರತಿಜೀವಕ ಕ್ಯಾಲ್ಸಿಯಂನೊಂದಿಗೆ ಗಟ್ಟಿಯಾಗಿ ಬಂಧಿಸಿಕೊಳ್ಳುವುದರಿಂದ, ಕ್ಯಾಲ್ಸಿಯಂ ಕಣಗಳಲ್ಲಿ ತುಂಬಿದ್ದೆಲ್ಲವೂ ಹೊರಬರುತ್ತದೆಂದು ಎಣಿಸಬಾರದು.

ತುಂಬುವಾಗ ಒಣಗಿಸಿದ ಕಣಗಳನ್ನು ಔಷಧದ ಸಾಂದ್ರ ದ್ರಾವಣದಲ್ಲಿ ಕದಡಿ ನಿರ್ವಾತದಲ್ಲಿಡಬೇಕು. ರಂಧ್ರಗಳಲ್ಲಿನ ಗಾಳಿ ಗುಳ್ಳೆಗಳಾಗಿ ಹೊರಬರುತ್ತದೆ. ಅದು ನಿಂತ ಮೇಲೆ ವಾಯುವಿನ ಒತ್ತಡವನ್ನು ಮರಳಿಸಿದರೆ ದ್ರಾವಣ ಒಳನುಗ್ಗುತ್ತದೆ. ಇದನ್ನು ಎರಡು ಮೂರು ಬಾರಿ ಮಾಡಿ, ವೇಗವಾಗಿ ತಿರುಗಿಸಿ ಕಣಗಳನ್ನು ತಳಕ್ಕಿಳಿಸುವ ಸೆಂಟ್ರಿಫ್ಯೂಜ್‌ನಲ್ಲಿ ಬೇರ್ಪಡಿಸಿ, ಸ್ವಲ್ಪ ನೀರಿನಿಂದ ಬೇಗನೆ ತೊಳೆದು, ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸಬೇಕು. ತೊಳೆಯದಿದ್ದರೆ ಮೇಲ್ಮೈಯ ಔಷಧವೆಲ್ಲ ಮೊದಲ ಗಂಟೆಗಳಲ್ಲೇ ಸುರಿದುಹೋಗುತ್ತದೆ. ಅತಿಯಾಗಿ ತೊಳೆದರೆ ಒಳಗಿನದೂ ಹೋಗುತ್ತದೆ. ತೊಳೆದ ನೀರನ್ನು ಚೆಲ್ಲದೆ ಅದರಲ್ಲಿನ ಔಷಧವನ್ನೂ ಅಳೆದರೆ ಮಾತ್ರ ಲೆಕ್ಕ ಸರಿಹೊಂದುತ್ತದೆ. ವ್ಯಾಂಕೊಮೈಸಿನ್ ಎಂಬ ಪ್ರತಿಜೀವಕವನ್ನು, ಅದು 280 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆ ಎಂಬುದರಿಂದ ನೇರವಾಗಿ ಅಳೆಯಬಹುದು. ಜೆಂಟಾಮೈಸಿನ್ ಆ ಬೆಳಕನ್ನು ಹೀರುವುದಿಲ್ಲವಾದ್ದರಿಂದ ಮೊದಲು ಆರ್ಥೋ-ಥ್ಯಾಲಾಲ್ಡಿಹೈಡ್ ಎಂಬ ರಾಸಾಯನಿಕದೊಂದಿಗೆ ವರ್ತಿಸಿ ಅಳೆಯಬಲ್ಲ ರೂಪಕ್ಕೆ ಬರುವಂತೆ ಮಾಡಬೇಕು.

ಬಿಡುಗಡೆಯ ಪರೀಕ್ಷೆಯನ್ನು 37 ಡಿಗ್ರಿ ಸೆಲ್ಸಿಯಸ್ ಮತ್ತು 7.4 ಪಿಎಚ್‌ನಲ್ಲಿ ನಡೆಸಿ, ಆಗಾಗ ದ್ರಾವಣದ ಮಾದರಿ ತೆಗೆದು, ತೆಗೆದಷ್ಟೇ ಹೊಸ ದ್ರಾವಣವನ್ನು ಸೇರಿಸಿ, ಮಾದರಿಯೊಡನೆ ಹೊರಹೋದ ಔಷಧವನ್ನು ಮೊತ್ತಕ್ಕೆ ಕೂಡಿಸಬೇಕು. ಫಾಸ್ಫೇಟ್ ಬಫರ್‌ನಲ್ಲಿ (ಬಫರ್ ಎಂದರೆ ಪಿಎಚ್ ಬದಲಾಗದಂತೆ ಕಾಯುವ ದ್ರಾವಣ) ಕ್ಯಾಲ್ಸಿಯಂ ಕಾರ್ಬೊನೇಟ್‌ನ ಮೇಲ್ಮೈಯೇ ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ಬದಲಾಗಬಹುದಾದ್ದರಿಂದ, ಆ ಕಣಗಳಿಗೆ ಫಾಸ್ಫೇಟ್ ಇಲ್ಲದ ಟ್ರಿಸ್ ಬಫರ್ ಮೇಲು. ಬಿಡುಗಡೆ ಎಷ್ಟು ದಿನ ನಡೆಯಿತು ಎಂಬುದಷ್ಟೇ ಸಾಲದು. ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯುವ ಕನಿಷ್ಠ ಸಾಂದ್ರತೆಗಿಂತ ಕೆಳಗೆ ಔಷಧ ಬಹುಕಾಲ ಜಿನುಗುತ್ತಿದ್ದರೆ, ಪ್ರತಿರೋಧವುಳ್ಳ ತಳಿಗಳು ಉಳಿದು ಬೆಳೆಯಲು ಅದೇ ಅವಕಾಶ ಕೊಡುತ್ತದೆ. ಆದ್ದರಿಂದ ಪ್ರತಿ ಮಾದರಿಯನ್ನೂ ಮೂಳೆ ಸೋಂಕಿನಲ್ಲಿ ಸಾಮಾನ್ಯವಾಗಿ ಕಾಣುವ ಬ್ಯಾಕ್ಟೀರಿಯಾವಾದ ಸ್ಟೆಫಿಲೋಕಾಕಸ್ ಆರಿಯಸ್ ಬೆಳೆಸಿದ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ತಟ್ಟೆಯ ಮೇಲೂ ಪರೀಕ್ಷಿಸಿ, ಬೆಳವಣಿಗೆ ತಡೆದ ವಲಯ ಯಾವ ದಿನದಿಂದ ಕಾಣದಾಯಿತೆಂಬುದನ್ನು ಬರೆದಿಡಬೇಕು.