ಮಲೆನಾಡಿನ ವಿದ್ಯಾರ್ಥಿಗಳ ನಡುವೆ ಸಮೀಕ್ಷೆ: ಪ್ರಶ್ನಾವಳಿ ಸಿದ್ಧಪಡಿಸುವ ಬಗೆ

ತೀರ್ಥಹಳ್ಳಿ ಅಥವಾ ಹೊಸನಗರದ ವಿದ್ಯಾರ್ಥಿಗಳಲ್ಲಿ ಕುಟುಂಬದ ನೆಮ್ಮದಿಯ ಕುರಿತು ಸಮೀಕ್ಷೆ ನಡೆಸುವವರು ಜಡಿಮಳೆಯ ತಿಂಗಳುಗಳನ್ನೂ ಅಡಿಕೆ ಕೊಯ್ಲಿನ ದಿನಗಳನ್ನೂ ತಪ್ಪಿಸಬೇಕು. ಇಲ್ಲದಿದ್ದರೆ ದೂರದ ಹಳ್ಳಿಗಳಿಂದ ಬರುವವರೇ, ಅಂದರೆ ಯಾರ ಮಾತು ಹೆಚ್ಚು ಬೇಕೋ ಅವರೇ, ಎಣಿಕೆಯಿಂದ ಹೊರಗುಳಿಯುತ್ತಾರೆ. ಉತ್ತರಗಳಿಗೆ ಅಮೆರಿಕದ ಮನಶ್ಶಾಸ್ತ್ರಜ್ಞ ರೆನ್ಸಿಸ್ ಲೈಕರ್ಟ್ 1932ರಲ್ಲಿ ಪ್ರಕಟಿಸಿದ, ಒಪ್ಪಿಗೆಯ ಮಟ್ಟವನ್ನು 5 ಹಂತಗಳಲ್ಲಿ ಅಳೆಯುವ ಮಾಪಕವೇ ಸಾಕು. ಆದರೆ ‘ಮನೆಯಲ್ಲಿ ಮಾತುಕತೆಯೂ ಹಣದ ಅನುಕೂಲವೂ ಇದೆ’ ಎಂಬಂಥ ಹೇಳಿಕೆಯು ಎರಡು ಪ್ರಶ್ನೆಗಳನ್ನು ಒಂದೇ ಉತ್ತರಕ್ಕೆ ಕಟ್ಟಿಹಾಕುವುದರಿಂದ ಅದನ್ನು ಒಡೆದು ಬರೆಯಬೇಕು. ಪ್ರಶ್ನಾವಳಿ ಇಂಗ್ಲಿಷ್ ಮೂಲದ್ದಾದರೆ, ಕನ್ನಡಕ್ಕೆ ತಂದದ್ದನ್ನು ಮೂಲ ನೋಡದ ಇನ್ನೊಬ್ಬರಿಂದ ಮರಳಿ ಇಂಗ್ಲಿಷಿಗೆ ಮಾಡಿಸಿ ಹೋಲಿಸಬೇಕು. 18 ತುಂಬದವರಿದ್ದರೆ ಪೋಷಕರ ಒಪ್ಪಿಗೆ ಪಡೆಯಬೇಕು. ಹೆಸರು ಕೇಳದಿದ್ದರೆ ಗುಟ್ಟು ಉಳಿಯಿತೆಂದು ತಿಳಿಯಬಾರದು. ನಾಲ್ಕಾರು ಮನೆಗಳ ಹಳ್ಳಿಯಲ್ಲಿ ತೋಟದ ವಿಸ್ತೀರ್ಣವೊಂದೇ ಮನೆಯ ಗುರುತು ಹೇಳಿಬಿಡುತ್ತದೆ.